ಕಾರಿಗೆ ಮುಂಚಿನ ಚಿತ್ರ

ಚಿತ್ರಕಾರನು ಸಾಮಾನ್ಯವಾಗಿ ಇರುವ ವಸ್ತುವನ್ನು ಕಂಡು ಚಿತ್ರ ಬರೆಯುತ್ತಾನೆ. ಬೆಟ್ಟ ಮೊದಲು, ಬೆಟ್ಟದ ಚಿತ್ರ ಆಮೇಲೆ. ಕಾರಿನ ವಿನ್ಯಾಸಚಿತ್ರದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ಚಿತ್ರವೇ ಮೊದಲು. ಕಾರು ಅನಂತರ ಹುಟ್ಟಬೇಕು, ಹುಟ್ಟದೆಯೂ ಹೋಗಬಹುದು.

ಮೋಟಾರು ವಾಹನಗಳ ಆರಂಭದ ದಶಕಗಳಲ್ಲಿ ಶ್ರೀಮಂತರು ಕಾರ್ಖಾನೆಯಿಂದ ಎಂಜಿನ್ನು, ಚಕ್ರ ಮತ್ತು ಅಡಿಗಟ್ಟುಗಳನ್ನಷ್ಟೇ ಕೊಂಡು, ಮೇಲಿನ ಒಡಲನ್ನು ಬೇರೆ ಕುಶಲಕರ್ಮಿಗಳಿಂದ ತಮ್ಮ ಅಭಿರುಚಿಗೆ ತಕ್ಕಂತೆ ಮಾಡಿಸಿಕೊಳ್ಳುವುದುಂಟು. ಅಮೆರಿಕದ ಹಾರ್ಲೆ ಅರ್ಲ್ (1893–1969) ಹಾಲಿವುಡ್ಡಿನ ನಟರಿಗಾಗಿ ಇಂತಹ ಕಾರುಗಳನ್ನು ರೂಪಿಸುತ್ತಿದ್ದವನು. 1927ರಲ್ಲಿ ಅವನು ಜನರಲ್ ಮೋಟಾರ್ಸ್ ಸಂಸ್ಥೆಯ ‘ಕಲೆ ಮತ್ತು ವರ್ಣ’ ವಿಭಾಗದ ಮುಖ್ಯಸ್ಥನಾದನು; ದೊಡ್ಡ ಕಾರ್ಖಾನೆಯಲ್ಲಿಯೂ ಚಿತ್ರಕಾರನಿಗೊಂದು ಪೀಠ ದೊರೆಯಿತು. ಮುಂದೆ, 1940 ಮತ್ತು 1950ರ ದಶಕಗಳಲ್ಲಿ, ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳ ಚಾವಣಿಯನ್ನು ಕೊಯ್ದು ತಗ್ಗಿಸಿ, ಹೊಸ ಬಣ್ಣ ಬಳಿದು, ತಮ್ಮದೇ ರೂಪ ಕೊಡತೊಡಗಿದರು. ಒಮ್ಮೆ ಕೊಯ್ದ ತಗಡು ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಗರಗಸವನ್ನು ಹಿಡಿಯುವ ಮುನ್ನ ಕಾಗದದ ಮೇಲೆ ನೋಡಿಕೊಳ್ಳುವುದೇ ಲೇಸು.

ಇಂತಹ ಒಂದು ಚಿತ್ರ ನಮ್ಮ ಮುಂದಿದೆಯೆಂದು ಭಾವಿಸೋಣ. ಮೊದಲು ಚಕ್ರಗಳನ್ನು ನೋಡಬೇಕು. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದರೆ ಅದು ಅಂಡಾಕಾರವಾಗಿ ಕಾಣುತ್ತದೆಯಲ್ಲವೇ? ಓರೆನೋಟದ ಚಿತ್ರದಲ್ಲಿ ಚಕ್ರವೂ ಹಾಗೆಯೇ. ಆ ಅಂಡಾಕಾರದ ಕಿರಿಯ ಅಕ್ಷವು ಚಕ್ರದ ಅಚ್ಚಿನ ರೇಖೆಯೊಡನೆ ಒಂದಾಗಬೇಕು. ಕೂದಲೆಳೆಯಷ್ಟು ಜಾರಿದರೂ ಸಾಕು, ಅಚ್ಚು ಮುರಿದ ಗಾಡಿಯಂತೆ ಕಾರು ಕುಂಟುತ್ತದೆ. ಪಳಗಿದ ಕೈಯೋ ಅಲ್ಲವೋ ಎಂಬುದು ಇಲ್ಲಿಯೇ ಬಯಲಾಗುತ್ತದೆ.

ಅನೇಕ ಚಿತ್ರಕಾರರು ಬಿಳಿಯ ಹಾಳೆಯನ್ನು ಬಿಟ್ಟು ಬೂದು, ಕಂದು ಅಥವಾ ಕಪ್ಪು ಹಾಳೆಯನ್ನು ಆರಿಸಿಕೊಳ್ಳುತ್ತಾರೆ. ಬೂದು ಹಾಳೆಯಾದರೆ ಅದರ ಬಣ್ಣವೇ ಕಾರಿನ ಮೈಯಾಗುತ್ತದೆ. ನೆರಳಿಗೆ ನಾಲ್ಕು ಕಪ್ಪು ಗೆರೆ, ಬೆಳಕಿಗೆ ಬಿಳಿಯ ಸೀಸದ ಒಂದೆರಡು ಎಳೆತ, ಅಷ್ಟೇ. ಬರೆಯದೆ ಬಿಟ್ಟ ಜಾಗವೇ ಹೆಚ್ಚಿನದನ್ನು ಹೇಳುತ್ತದೆ.

ಎಲ್ಲಕ್ಕಿಂತ ಸೋಜಿಗದ್ದು ಕ್ರೋಮಿಯಂ ಲೇಪದ ಹೊಳಪು. ಈ ಲೋಹಕ್ಕೆ ತನ್ನದೆಂದು ಹೇಳಿಕೊಳ್ಳುವ ಬಣ್ಣವೇ ಇಲ್ಲವೆನ್ನಬಹುದು, ಅದು ಕನ್ನಡಿ. ಹೊಳೆಯುವ ಸ್ಟೀಲು ಲೋಟವನ್ನು ಬಯಲಿನಲ್ಲಿಟ್ಟು ನೋಡಿದರೆ ಇದು ತಿಳಿಯುತ್ತದೆ. ಆದುದರಿಂದ ಚಿತ್ರಕಾರನು ಬಂಪರಿನ ಮೇಲ್ಭಾಗದಲ್ಲಿ ಆಕಾಶದ ನೀಲಿಯನ್ನು, ನಡುವೆ ದಿಗಂತದ ಕಪ್ಪು ಗೆರೆಯನ್ನು, ಕೆಳಗೆ ನೆಲದ ಕಂದನ್ನು ಬರೆಯುತ್ತಾನೆ. ಹಾಳೆಯ ಮೇಲೆ ಮರುಭೂಮಿಯೂ ಇಲ್ಲ, ಮುಗಿಲೂ ಇಲ್ಲ. ಆದರೂ ಎರಡೂ ಆ ಅಂಗೈಯಗಲದ ಪಟ್ಟಿಯಲ್ಲಿವೆ.

ಈ ಚಿತ್ರಗಳಲ್ಲಿ ಉತ್ಪ್ರೇಕ್ಷೆಯೂ ಉಂಟು. ಚಕ್ರಗಳು ಇರಬೇಕಾದುದಕ್ಕಿಂತ ದೊಡ್ಡವು, ಚಾವಣಿ ತಗ್ಗು, ಒಡಲು ನೀಳ. ಇದು ಸುಳ್ಳಲ್ಲವೇ ಎಂದು ಎಂಜಿನಿಯರು ಗೊಣಗುವುದರಲ್ಲಿ ಅರ್ಥವಿದೆ: ಒಳಗೆ ಮನುಷ್ಯನು ಕೂರಬೇಕು, ಅವನಿಗೊಂದು ತಲೆಯೂ ಇದೆ! ಕಾರಿನ ಓಟದ ಗುಣವನ್ನು ನಿಂತ ರೇಖೆಯಲ್ಲಿ ತೋರಿಸಲು ತುಸು ಹಿಗ್ಗಿಸುವುದು ಸಲ್ಲುತ್ತದೆ. ಕೂರುವವನನ್ನೇ ಮರೆತ ಚಿತ್ರ ಮಾತ್ರ ನನಗೆ ರುಚಿಸದು. 1959ರಲ್ಲಿ ಫೋರ್ಡ್ ಸಂಸ್ಥೆಯನ್ನು ಸೇರಿ, ಮುಂದೆ ಸ್ವತಂತ್ರ ಕಲಾವಿದನಾಗಿ ಹೆಸರಾದ ಸಿಡ್ ಮೀಡ್ (1933–2019) ಕಾರಿನ ಸುತ್ತ ಜನರನ್ನೂ ಕಟ್ಟಡಗಳನ್ನೂ ಬರೆದನು. ಅವನ ಕಾರು ಯಾವುದೋ ಊರಿನ ಕಾರಾಗಿ ಕಾಣುತ್ತದೆ.

ಕಾರ್ಖಾನೆಗಳಿಗೆ ಈ ಹಾಳೆಗಳು ಗುಟ್ಟಿನ ಕಾಗದಗಳಾಗಿದ್ದುವೇ ಹೊರತು ಕಲಾಕೃತಿಗಳಾಗಿರಲಿಲ್ಲ. ಕೆಲಸ ಮುಗಿದೊಡನೆ ಅಸಂಖ್ಯಾತ ಚಿತ್ರಗಳನ್ನು ನಾಶಮಾಡಲಾಯಿತು. ಇಂದು ಉಳಿದವುಗಳಲ್ಲಿ ಎಷ್ಟೋ ಚಿತ್ರಗಳು, ಬರೆದವರು ಸದ್ದಿಲ್ಲದೆ ಮನೆಗೆ ಕೊಂಡೊಯ್ದುದರಿಂದ ಉಳಿದವು. 2020ರಲ್ಲಿ ಡೆಟ್ರಾಯಿಟ್ ನಗರದ ಕಲಾ ಸಂಗ್ರಹಾಲಯವು ಕಾರುಗಳ ಪ್ರದರ್ಶನವೊಂದನ್ನು ಏರ್ಪಡಿಸಿದಾಗ, ನಿಜವಾದ ಕಾರುಗಳ ಜೊತೆಗೆ ವಿನ್ಯಾಸಚಿತ್ರಗಳನ್ನೂ ಚೌಕಟ್ಟು ಕಟ್ಟಿ ಗೋಡೆಯ ಮೇಲೆ ತೂಗುಹಾಕಿತು.