ಅಂಗಡಿ ಮುಚ್ಚಿತು, ಬಾಕಿ ಉಳಿಯಿತು

1953ರಲ್ಲಿ ಮೈಸೂರು ರಾಜ್ಯದಲ್ಲಿ ಮದ್ಯ ಮಾರಾಟದ ಗುತ್ತಿಗೆಗೆ ಹರಾಜು ನಡೆಯಿತು. ಕೆ. ಎನ್. ಗುರುಸ್ವಾಮಿ ಎಲ್ಲರಿಗಿಂತ ಹೆಚ್ಚಿಗೆ ಕೂಗಿದರು. ಹರಾಜಿನಲ್ಲಿ ತುಟಿ ಬಿಚ್ಚದಿದ್ದ ಇನ್ನೊಬ್ಬ ಗುತ್ತಿಗೆದಾರ ಆಮೇಲೆ ಅಬಕಾರಿ ಕಮಿಷನರ್ ಬಳಿಗೇ ಹೋಗಿ, ಅದಕ್ಕಿಂತ ಜಾಸ್ತಿ ಕೊಡುತ್ತೇನೆಂದ. ಗುತ್ತಿಗೆ ಅವನ ಪಾಲಾಯಿತು. ಸರ್ಕಾರ ಮಾಡಿದ್ದು ತಪ್ಪು ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿತು. ಆದರೆ ಅಷ್ಟರಲ್ಲಿ ಗುತ್ತಿಗೆಯ ವರ್ಷ ಮುಗಿಯಲು ಹದಿನೈದು ದಿನವಷ್ಟೇ ಬಾಕಿ ಇತ್ತು. ಈಗ ಆದೇಶ ಕೊಟ್ಟೂ ಫಲವಿಲ್ಲವೆಂದು ಮೇಲ್ಮನವಿ ಬಿದ್ದುಹೋಯಿತು.

ಮದ್ಯದ ವ್ಯಾಜ್ಯಗಳ ಜಾಯಮಾನವೇ ಇದು. ಸನ್ನದಿನ ಆಯುಸ್ಸು ಒಂದು ವರ್ಷ, ಕೇಸಿನ ಆಯುಸ್ಸು ಹಲವು ವರ್ಷ. ತೀರ್ಪು ಬರುವ ಹೊತ್ತಿಗೆ ಅಂಗಡಿ ಇರುವುದಿಲ್ಲ, ಬಾಕಿ ಇರುತ್ತದೆ.

ಆ ಬಾಕಿ ಬೆಳೆಯುವ ಬಗೆ ನೋಡಬೇಕು. ಹರಾಜು ಪದ್ಧತಿಯಲ್ಲಿ ಗೆದ್ದವನು ಮೊದಲು ಠೇವಣಿ ಇಟ್ಟು, ಉಳಿದದ್ದನ್ನು ಕಿಸ್ತುಗಳಲ್ಲಿ ಕಟ್ಟಬೇಕು. ಜಿದ್ದಿಗೆ ಬಿದ್ದು ಕೂಗಿದ ಬೆಲೆಗೆ ತಕ್ಕ ವ್ಯಾಪಾರವಾಗದೆ ಕಿಸ್ತು ತಪ್ಪಿದರೆ ಸನ್ನದು ರದ್ದು. ಮಿಕ್ಕ ಅವಧಿಗೆ ಮರುಹರಾಜು. ಅರ್ಧ ವರ್ಷ ಕಳೆದ ಅಂಗಡಿಗೆ ಹಳೆಯ ಬೆಲೆ ಯಾರು ಕೊಡುತ್ತಾರೆ? ಕಡಿಮೆಯಾದ ಮೊತ್ತ ಮೊದಲಿನವನ ತಲೆಗೇ ಬರುತ್ತದೆ. ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಸಿವಿಲ್ ದಾವೆಯ ಗೋಜಿಲ್ಲದೆ ನೋಟಿಸು, ಜಪ್ತಿ, ಜಮೀನಿನ ಹರಾಜು.

ಇದನ್ನು ಪ್ರಶ್ನಿಸಿದ ಕೇಸುಗಳಲ್ಲಿ ಹೆಸರಾದದ್ದು ಪಂಜಾಬ್-ಹರಿಯಾಣ ಭಾಗದ ಹರ್ ಶಂಕರ್ ಪ್ರಕರಣ. ಷರತ್ತು ಓದಿ, ಕೂಗಿ, ಅಂಗಡಿ ಪಡೆದವರು, ಬಾಕಿ ಕೇಳಿದಾಗ ಶುಲ್ಕ ವಿಧಿಸುವ ಅಧಿಕಾರವೇ ಸರ್ಕಾರಕ್ಕಿಲ್ಲ ಎಂದು ವಾದಿಸಿದರು. 1975ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ. ಅದು ಸರ್ಕಾರ ತನ್ನ ಬಳಿ ಇಟ್ಟುಕೊಂಡ ವಿಶೇಷಾಧಿಕಾರ, ಹರಾಜಿನ ಹಣ ಅದರ ಬೆಲೆ. ಕಣ್ಣು ಬಿಟ್ಟುಕೊಂಡೇ ಒಪ್ಪಂದಕ್ಕೆ ಇಳಿದವನು ಲಾಭದ ಜೊತೆಗೆ ಹೊರೆಯನ್ನೂ ಹೊರಬೇಕು ಎಂಬುದು ತೀರ್ಪಿನ ಸಾರ.

ಹಾಗೆಂದು ಸರ್ಕಾರ ಕೇಳಿದ್ದೆಲ್ಲ ಸಿಗುವುದಿಲ್ಲ. ಮಧ್ಯಪ್ರದೇಶದ ಬಿಮಲ್ ಚಂದ್ರ ಬ್ಯಾನರ್ಜಿ ಪ್ರಕರಣದಲ್ಲಿ ಗುತ್ತಿಗೆದಾರ ಎತ್ತದೇ ಇದ್ದ ಮದ್ಯಕ್ಕೂ ಅಬಕಾರಿ ಸುಂಕ ಕೇಳಲಾಗಿತ್ತು. ಅದು ಆಗದು ಎಂದಿತು ಸುಪ್ರೀಂ ಕೋರ್ಟ್. ಕೆಲವೇ ವರ್ಷಗಳಲ್ಲಿ ರಾಜಸ್ಥಾನದ ಪನ್ನಾಲಾಲ್ ಪ್ರಕರಣದಲ್ಲಿ, ಸರಕು ಎತ್ತಿದರೂ ಬಿಟ್ಟರೂ ಖಾತ್ರಿ ಕೊಟ್ಟ ಮೊತ್ತ ಕಟ್ಟಲೇಬೇಕು ಎಂದಿತು. ಮೊದಲನೆಯದು ಸುಂಕ, ಎರಡನೆಯದು ವಿಶೇಷಾಧಿಕಾರದ ಬೆಲೆ. ವಕೀಲರಿಗೆ ಇದು ದೊಡ್ಡ ವ್ಯತ್ಯಾಸ. ಜೇಬಿನಿಂದ ಕೊಡುವವನಿಗೆ ಎಷ್ಟರಮಟ್ಟಿಗೆ ಸಮಾಧಾನವೋ!

ಅಂಗಡಿ ನಡೆಸಲು ಆಗದಿದ್ದ ದಿನಗಳ ಶುಲ್ಕದ ತಕರಾರು ಈಚಿನ ದಿನಗಳಲ್ಲೂ ಎದ್ದಿದೆ. ದೆಹಲಿ ಸರ್ಕಾರ 2021ರ ನವೆಂಬರ್ 17ರಿಂದ ನಗರವನ್ನು 32 ವಲಯಗಳಾಗಿಸಿ ಚಿಲ್ಲರೆ ಮಾರಾಟವನ್ನು ಖಾಸಗಿಯವರಿಗೆ ಬಿಟ್ಟಿತು. ಕೋವಿಡ್ ನಿರ್ಬಂಧದ ಹೆಸರಿನಲ್ಲಿ ಪರವಾನಗಿದಾರರಿಗೆ ಸುಮಾರು 144 ಕೋಟಿ ರೂಪಾಯಿ ಶುಲ್ಕ ಮನ್ನಾ ಆಯಿತು. ಟೆಂಡರಿನಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ ಎಂದು ಸಿಎಜಿ ಆಕ್ಷೇಪಿಸಿತು. ವರ್ಷ ತುಂಬುವ ಮೊದಲೇ ನೀತಿ ರದ್ದಾಗಿ, 2022ರ ಸೆಪ್ಟೆಂಬರ್‌ನಿಂದ ಅಂಗಡಿಗಳು ಮತ್ತೆ ಸರ್ಕಾರಿ ನಿಗಮಗಳ ಕೈ ಸೇರಿದವು.

ಕರ್ನಾಟಕದಲ್ಲಿ ಕಿಸ್ತಿನ ಸಾರಾಯಿ ಕಾಲ 2007ರ ಜುಲೈ 1ರ ನಿಷೇಧದೊಂದಿಗೆ ಮುಗಿಯಿತು. ಹತ್ತು ವರ್ಷದ ನಂತರ, ಅದೇ ಜುಲೈ 1ರಂದು, ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು ಮುಚ್ಚಿಸುವ ಸುಪ್ರೀಂ ಕೋರ್ಟ್ ಆದೇಶದಿಂದ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳಿಗೂ ಬೀಗ ಬಿತ್ತು. ಪುರಸಭೆ, ನಗರಪಾಲಿಕೆಗಳ ವ್ಯಾಪ್ತಿಗೆ ಆದೇಶ ಅಡ್ಡಿಯಾಗದು ಎಂದು ಅದೇ ಜುಲೈನಲ್ಲಿ ಕೋರ್ಟ್ ಸ್ಪಷ್ಟಪಡಿಸಿದ ಮೇಲಷ್ಟೇ ಅವು ತೆರೆಯುವ ದಾರಿಯಾಯಿತು.