ಗೂಡಿನ ಎಳೆ, ಸೀರೆಯ ನೂಲು



ಯಲ್ದೂರಿನ ಸುತ್ತಮುತ್ತ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವ ನಿಮಗೆ ಹುಳುವಿನ ವಿಷಯ ಹೇಳಿಕೊಡಬೇಕಾದ್ದಿಲ್ಲ. ನಾಲ್ಕು ಜ್ವರ ದಾಟಿಸಿ, ನಿದ್ದೆಗೆಟ್ಟು ಸೊಪ್ಪು ಹಾಕಿದವರು ನೀವು. ಆದರೆ ಮಾರಿದ ಗೂಡು ಆಮೇಲೆ ಏನಾಗುತ್ತದೆಂದು ನೋಡಿದವರು ಕಮ್ಮಿ. ಅದು ತಿಳಿದರೆ ಹರಾಜಿನಲ್ಲಿ ಬೆಲೆ ಏಕೆ ಇಳಿಯಿತೆಂಬುದೂ ತಿಳಿಯುತ್ತದೆ.

ಒಂದು ಗೂಡು ಎಂದರೆ ಒಂದೇ ಎಳೆ. ಒಳ್ಳೆಯ ಮಿಶ್ರತಳಿ ಗೂಡಿನಲ್ಲಿ ಅದು 700–800 ಮೀಟರು ಬರುತ್ತದೆ. ಸುತ್ತಿನ ಮೇಲೆ ಸುತ್ತು ಅಂಟಿ ನಿಂತಿರುವುದು ಹುಳುವೇ ಸುರಿಸಿದ ಗೋಂದಿನಿಂದ. ಶಿಡ್ಲಘಟ್ಟದಂಥ ಊರಿನಲ್ಲಿ ನೂಲು ಬಿಚ್ಚುವವರು ಗೂಡನ್ನು ಕುದಿನೀರಿಗೆ ಹಾಕಿ ಗೋಂದನ್ನು ಮೆತ್ತಗೆ ಮಾಡುತ್ತಾರೆ. ಒಂದೇ ಎಳೆ ಕೂದಲಿಗಿಂತ ಸಣ್ಣ, ಮಗ್ಗಕ್ಕೆ ತಡೆಯದು. ಆದ್ದರಿಂದ ಎಂಟು ಹತ್ತು ಗೂಡುಗಳ ತುದಿ ಹಿಡಿದು, ಒಟ್ಟಿಗೆ ಸೇರಿಸಿ ಸುತ್ತುತ್ತಾರೆ.

ನಡುವೆ ಎಳೆ ಕಡಿದರೆ? ಹೊಸ ತುದಿ ಹುಡುಕಬೇಕು, ನೂಲು ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ಸೀರೆಯ ಉದ್ದಕ್ಕೆ ಬರುವ ಹಾಸಿಗೆ ಇಂಥ ನೂಲು ನಡೆಯದು. ಮಗ್ಗದ ಎಳೆತಕ್ಕೆ ಪಟ್ಟನೆ ಹರಿಯುತ್ತದೆ.

ಈ ಕಡಿತದ ಬೇರು ಎಷ್ಟೋ ಸಲ ನಮ್ಮ ಚಂದ್ರಿಕೆಯಲ್ಲೇ ಇರುತ್ತದೆ ನೋಡಿ! ಹಣ್ಣಾದ ಹುಳು ಗೂಡು ಕಟ್ಟುವ ಮುನ್ನ ಉಚ್ಚೆ ಬಿಡುತ್ತದೆ. ಕತ್ತಲೆ ಕೋಣೆಯಲ್ಲಿ ಚಂದ್ರಿಕೆ ಒತ್ತಿಟ್ಟರೆ ಆ ತೇವ ಆರದೆ, ಗೋಂದು ಬಿಗಿಯಾಗಿ, ಎಳೆ ಬಿಚ್ಚಿಕೊಳ್ಳುವುದಿಲ್ಲ. ಬಿಸಿಲೂ ಮಳೆಯೂ ತಾಕದ, ಗಾಳಿಯಾಡುವ ಜಗಲಿಯಲ್ಲಿ ಓರೆಯಾಗಿ ಒರಗಿಸಿಡಿ. 6 ಅಡಿ ಉದ್ದ, 4 ಅಡಿ ಅಗಲದ ಚಂದ್ರಿಕೆಗೆ ಸುಮಾರು 1,000 ಹುಳು ಸಾಕು. ಹೆಚ್ಚಿಗೆ ಬಿಟ್ಟರೆ ಎರಡು ಹುಳು ಕೂಡಿ ಜೋಡಿಗೂಡು ಕಟ್ಟುತ್ತವೆ; ಎಳೆ ಸಿಕ್ಕಾಗುತ್ತದೆ. 1980ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣದ ಮರಿ ತೂತು ಕೊರೆದ ಗೂಡಿನದೂ ಇದೇ ಪಾಡು.

ಗೂಡು ಬಿಡಿಸಲು ಅವಸರ ಬೇಡ. ಮಿಶ್ರತಳಿಗೆ ಐದನೆಯ ದಿನ ಸರಿ. ಮೊದಲೇ ಬಿಡಿಸಿದರೆ ಒಳಗಿನ ಹುಳು ನಲುಗಿ ಕಲೆಯಾಗುತ್ತದೆ. ಬಹಳ ತಡವಾದರೆ ಚಿಟ್ಟೆಯೇ ತೂತು ಮಾಡಿ ಹೊರಬರುತ್ತದೆ.

ಮುಂದೆ ನೂಲಿಗೆ ಹುರಿ ಕೊಡುತ್ತಾರೆ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯ ಮೈ ಬರುವುದು ಅಡ್ಡನೂಲಿಗೆ, ಅಂದರೆ ಹೊಕ್ಕಿಗೆ, ಕೊಟ್ಟ ಬಿಗಿ ಹುರಿಯಿಂದ. ಸಾಬೂನು ನೀರಿನಲ್ಲಿ ಕುದಿಸಿ ಗೋಂದು ತೆಗೆದಾಗ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ಹೊಳಪು ಆಗ ಕಾಣುತ್ತದೆ.

ಜೋಡಿಗೂಡು, ಕಲೆಗೂಡು, ತೂತುಗೂಡುಗಳನ್ನು ಮನೆಯಲ್ಲೇ ಆರಿಸಿ ಬೇರೆ ಕಟ್ಟಿ. ಅವಕ್ಕೂ ಗಿರಾಕಿ ಉಂಟು, ಒರಟು ನೂಲಿಗೆ ಆಗುತ್ತವೆ. ಒಳ್ಳೆಯ ಗೂಡನ್ನು ಗಾಳಿಯಾಡುವ ಚೀಲದಲ್ಲಿ ಸಡಿಲವಾಗಿ ತುಂಬಿ, ಬಿಸಿಲೇರುವ ಮುಂಚೆ ಮಾರುಕಟ್ಟೆ ಸೇರಿಸಿ.