ಅಭಯ ಬೇಡುವವರ ಪರೀಕ್ಷೆ

ಹಿಟ್ಲರನ ಆಳ್ವಿಕೆಯಲ್ಲಿ ಸಹಸ್ರಾರು ಜರ್ಮನರೇ ಪ್ರಾಣಭಯದಿಂದ ಪರದೇಶಗಳ ಬಾಗಿಲು ತಟ್ಟಿದ್ದರು. ಆ ನೋವಿನ ನೆನಪಿನಲ್ಲೇ ಪಶ್ಚಿಮ ಜರ್ಮನಿಯ 1949ರ ಸಂವಿಧಾನವು ರಾಜಕೀಯ ಕಿರುಕುಳಕ್ಕೆ ಗುರಿಯಾದವರಿಗೆ ಆಶ್ರಯದ ಹಕ್ಕನ್ನಿತ್ತಿತು. 1993ರ ತಿದ್ದುಪಡಿ ಆ ಬಾಗಿಲನ್ನು ಕಿರಿದುಗೊಳಿಸಿತು. ಸುರಕ್ಷಿತ ನೆರೆರಾಷ್ಟ್ರವನ್ನು ಹಾಯ್ದು ಬಂದವರಿಗೆ ಆ ಹಕ್ಕಿಲ್ಲ. ಅಂಥವರಿಗೂ 1951ರ ಜಿನೀವಾ ಒಪ್ಪಂದದ ರಕ್ಷಣೆ ದೊರೆಯಬಹುದು. ಆದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ—ಈ ಐದರಲ್ಲೊಂದರ ನಿಮಿತ್ತ ಕಿರುಕುಳದ ಭಯವಿರಬೇಕು. ಬಡತನವೊಂದೇ ಸಾಲದು.

ಅರ್ಜಿಯನ್ನು ಜರ್ಮನಿಯ ನೆಲದಲ್ಲೇ ಸಲ್ಲಿಸಬೇಕು. ಅನಂತರ ಅಧಿಕಾರಿಯ ಮುಂದೆ, ದುಭಾಷಿಯ ಮೂಲಕ ವಿಚಾರಣೆ. ದಾಖಲೆಗಳಿದ್ದರೆ ಲೇಸು, ಆದರೆ ಉಟ್ಟ ಬಟ್ಟೆಯಲ್ಲೇ ಓಡಿಬಂದವನ ಬಳಿ ಕಾಗದವೆಲ್ಲಿ? ಅವನ ಮಾತೇ ಅವನ ಸಾಕ್ಷಿ. ಊರು, ದಿನ, ಬೆದರಿಕೆ—ಮರೆಯಬಯಸಿದ್ದನ್ನೆಲ್ಲ ತಪ್ಪಿಲ್ಲದೆ ನೆನೆಯಬೇಕಾದ ಗಳಿಗೆ ಅದು. ಅರ್ಜಿ ತಿರಸ್ಕೃತವಾದರೆ ನ್ಯಾಯಾಲಯವುಂಟು. ಗಡುವು ಮಾತ್ರ ಅತ್ಯಲ್ಪ.